ಎಡಗೈಯ ಹಾಲು

ಶಾಂತರಾಜು ಕಕ್ಕಸಿನ ಗುಂಡಿ ತೋಡಿಸಲು ಹೊರಟಿದ್ದು ನನ್ನ ಗಂಡನ ಎದೆಯ ಮೇಲೆ.

ಅವನು ಬೇರೆ ಯಾರೂ ಅಲ್ಲ, ನನ್ನ ಮೈದುನನ ಮಗ. ಚಾಮರಾಜನಗರದಲ್ಲಿ ಸರ್ಕಾರಿ ಕೆಲಸ. ಕೊರಳಿನ ಗುರುತಿನ ಚೀಟಿಯನ್ನು ಸ್ನಾನಕ್ಕೂ ಬಿಚ್ಚುವುದಿಲ್ಲ. ಭೀಮನಬೀಡಿನ ನಮ್ಮ ಹೊಲದಲ್ಲಿ ಮನೆ ಕಟ್ಟಿಸುತ್ತಿದ್ದಾನೆ. ದಾರಿಯಲ್ಲಿ ನಿಂತು ನೋಡಿದರೆ ಹೊಲದ ನಡುವೆ ಒಂದು ಬೇವಿನ ಮರ. ಆ ಮರದ ಬಲಕ್ಕೆ ನನ್ನ ಗಂಡ ಮಂಟೇಸ್ವಾಮಿಯನ್ನು ಮಣ್ಣು ಮಾಡಿ ಇಪ್ಪತ್ತೆರಡು ವರ್ಷವಾಯಿತು. ಟ್ರ್ಯಾಕ್ಟರು ಓಡಿ ಓಡಿ ಗುಡ್ಡೆ ಸವೆದು ನೆಲ ರೊಟ್ಟಿಯಂತಾಗಿದೆ.

"ದೊಡ್ಡಪ್ಪನ್ನ ಮಣ್ಣು ಮಾಡಿದ್ದು ಎಡುಕ್ಕ ಕಣ ದೊಡ್ಡವ್ವ. ನಿಂಗ ಮರ್ತೋಗದ," ಅಂದ.

"ನೀನು ಅವತ್ತು ಎಲ್ಲಿದ್ದೆ? ತಿಥಿಗ ಬಂದು ಪಾಯಸ ಕುಡ್ದು ಓದೋನು. ನಂಗ ಏಳಕ್ಕ ಬತ್ತೀಯಾ?"

"ನಿನ್ನ ಮಾತ ಯಾರು ನಂಬ್ತಾರ? ಕಿರುಬೆಳ್ಳ ಉಲಿ ತಿನ್ತು ಅಂತೀಯ. ಒಂದ್ಸಲ ಗಂಡುಲಿ, ಇನ್ನೊಂದ್ಸಲ ಬಸ್ರಿ ಉಲಿ."

ನನ್ನ ಎಡಗೈಯಲ್ಲಿ ಕಿರುಬೆರಳಿಲ್ಲ. ಹುಲಿ ತಿಂದಿತೆಂದು ಊರಿಗೆಲ್ಲ ಹೇಳಿದ್ದೇನೆ, ನಿಜ. ಮೊದಲು ಕರುವಿನಷ್ಟಿದ್ದ ಹುಲಿ ಈಗ ಲಾರಿಯಷ್ಟಾಗಿದೆ. ಮೂರು ತಲೆಮಾರಿನ ಮಕ್ಕಳು ಆ ಹುಲಿಯನ್ನು ಕೇಳುತ್ತಾ ಮುದ್ದೆ ನುಂಗಿದ್ದಾರೆ, ಈ ಶಾಂತರಾಜು ಕೂಡ. ಬೆರಳಿನ ಕತೆ ಬೇರೆ, ಗಂಡ ಮಲಗಿರುವ ಜಾಗ ಬೇರೆ. ಅಷ್ಟೂ ತಿಳಿಯದವನಿಗೆ ಸರ್ಕಾರ ಸಂಬಳ ಕೊಡುತ್ತದೆ.

ನನ್ನ ಹತ್ತಿರ ಸಾಕ್ಷಿಯಿತ್ತು. ಮೂರನೇ ದಿನದ ಹಾಲುತುಪ್ಪಕ್ಕೆ ಗುಂಡ್ಲುಪೇಟೆಯಿಂದ ಸ್ಟುಡಿಯೊ ಸಿದ್ದಯ್ಯ ಬಂದು, ದಾರಿಯ ಕಡೆಯಿಂದ ಒಂದು ಫೋಟೊ ತೆಗೆದಿದ್ದ. ಫೋಟೊ ಗೆದ್ದಲಿಗೆ ಹೋಯಿತು. ಆದರೆ ಸಿದ್ದಯ್ಯ ಸ್ಟುಡಿಯೊ ಮುಚ್ಚುವಾಗ ನನ್ನನ್ನು ಕರೆದು ನೆಗೆಟಿವ್ ಕೊಟ್ಟಿದ್ದ. ಅದು ನನ್ನ ಎಲೆಅಡಿಕೆ ಡಬ್ಬಿಯಲ್ಲಿ ಸುರುಳಿ ಸುತ್ತಿಕೊಂಡು ಕೂತಿತ್ತು.

ಶಾಂತರಾಜುವಿನ ಮಗಳು ಭವ್ಯಳಿಗೆ ಈ ಫಿಲ್ಮ್ ರೀಲಿನ ಹುಚ್ಚು. ಜನ ಫೋನಿನಲ್ಲಿ ದಿನಕ್ಕೆ ಸಾವಿರ ಫೋಟೊ ತೆಗೆದರೆ, ಇವಳು ಹಳೆಯ ಕ್ಯಾಮರಾದಲ್ಲಿ ಎರಡು ತಿಂಗಳಿಗೆ ಮೂವತ್ತಾರು ತೆಗೆಯುತ್ತಾಳೆ. ಬಚ್ಚಲಿನಲ್ಲಿ ಕತ್ತಲು ಮಾಡಿಕೊಂಡು ತೊಳೆಯುತ್ತಾಳೆ. ಭಾನುವಾರ ಆ ಮನೆಯಲ್ಲಿ ಯಾರಿಗೂ ಸ್ನಾನವಿಲ್ಲ. ನೆಗೆಟಿವ್ ಸ್ಕ್ಯಾನ್ ಮಾಡುವುದೂ ಮನೆಯಲ್ಲೇ. ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗುಂಡ್ಲುಪೇಟೆಗೆ ಹೋಗಿ, ಅಲ್ಲಿಂದ ಚಾಮರಾಜನಗರದ ಬಸ್ಸು ಹತ್ತಿದೆ.

ಅವಳು ಡಬ್ಬಿ ಮೂಸಿ ನಕ್ಕಳು. "ಅಜ್ಜಿ, ಇದು ಫಿಲ್ಮಾ, ಸುಣ್ಣ ಹಚ್ಚಿದ ಎಲೆನಾ?"

"ಅಗ್ದು ನೋಡು ಕಣಮ್ಮಿ, ನಿಮ್ಮ ತಾತ ಸಿಕ್ತಾನ."

ಮೇಜಿನ ಮೇಲೆ ಬಿಳಿ ದೀಪದ ಪೆಟ್ಟಿಗೆ. ಅದರ ಮೇಲೆ ಪಟ್ಟಿಯನ್ನು ಮಲಗಿಸಿ, ಅಂಚು ಮುಚ್ಚುವಂತೆ ಕಪ್ಪು ರಟ್ಟು ಇಟ್ಟಳು. ಪಟ್ಟಿ ಹಾವಿನಂತೆ ಮೇಲೇಳುತ್ತಿತ್ತು. ಒತ್ತಿ ಹಿಡಿದು ಮೇಲಿನಿಂದ ಕ್ಲಿಕ್ ಮಾಡಿದಳು. ಕಂಪ್ಯೂಟರಿನಲ್ಲಿ ಕಪ್ಪು ಬೆಳ್ಳಗಾಯಿತು. ಬೇವಿನ ಮರ ಬಂತು, ಗುಡ್ಡೆ ಬಂತು, ಪಕ್ಕದಲ್ಲಿ ಕೂತು ಚೆಂಬಿನಿಂದ ಹಾಲು ಬಿಡುತ್ತಿರುವ ನಾನು ಬಂದೆ.

ಗುಡ್ಡೆ ಮರದ ಎಡಕ್ಕಿತ್ತು.

ಹಿಂದೆ ನಿಂತು ನೋಡುತ್ತಿದ್ದ ಶಾಂತರಾಜು ತೊಡೆ ತಟ್ಟಿದ. "ಕಂಪ್ಯೂಟರ್ ಸುಳ್ಳು ಏಳ್ತದಾ ದೊಡ್ಡವ್ವ?" ಅಲ್ಲೇ ಜೆಸಿಬಿಯವನಿಗೆ ಫೋನು ಹಚ್ಚಿದ. "ಬೆಳಗ್ಗ ಏಳಕ್ಕ ಬಂದ್ಬುಡು. ಗುಂಡಿ ಬಲುಕ್ಕ."

ನನ್ನ ಹೊಟ್ಟೆಯ ಉರಿಗೆ ಒಂದು ಮದುವೆಯ ಅನ್ನ ಬೇಯುತ್ತಿತ್ತು. ಹಾಗಾದರೆ ಇಪ್ಪತ್ತೆರಡು ವರ್ಷ ನಾನು ಕೈಮುಗಿದದ್ದು ಬರಿ ಮಣ್ಣಿಗೋ? ಕಣ್ಣು ಕಿರಿದು ಮಾಡಿ ಪಟವನ್ನು ನೋಡಿದೆ. ಪಟದ ಹೆಂಗಸು ಚೆಂಬನ್ನು ಎಡಗೈಯಲ್ಲಿ ಹಿಡಿದಿದ್ದಳು.

"ಲೋ," ಅಂದೆ, "ಸತ್ತೋರ್ಗ ಯಾರ್ಲಾ ಎಡಗೈಲಿ ಆಲು ಬುಡ್ತಾರ? ನಾನೇನು ಅವನ್ಗ ಶಾಪ ಆಕಕ್ಕ ಕುಂತಿದ್ನಾ?"

"ದುಃಖ್ದಲ್ಲಿ ಕೈ ತಪ್ಪಿರ್ತದ ಬುಡು."

ಕೈ ತಪ್ಪಿರುತ್ತದಂತೆ. ಗಂಡನಿಗೆ ಕೊನೆಯ ಹಾಲು ಬಿಡುವ ಕೈ. ಎದ್ದು ನನ್ನ ಎಡಗೈಯನ್ನು ಕಂಪ್ಯೂಟರಿನ ಮೇಲೆ ಪಟಾರನೆ ಇಟ್ಟೆ.

"ಉಲಿ ತಿಂದದ್ದು ಯಾವ ಕೈಯ ಏಳ್ಲಾ."

"ಎಡಗೈಯ."

"ಪಟ್ದಲ್ಲಿ?"

ಪಟದಲ್ಲಿ ಹಾಲಿನ ಕೈಗೆ ಐದು ಬೆರಳೂ ಇದ್ದವು. ಗುಡ್ಡೆಯ ಮೇಲೆ ಊರಿದ ಬಲಗೈಯಲ್ಲಿ ಕಿರುಬೆರಳಿರಲಿಲ್ಲ. ಶಾಂತರಾಜು ತನ್ನ ಎರಡು ಕೈಗಳನ್ನೂ ಮುಂದೆ ಚಾಚಿ ಒಂದನ್ನೊಮ್ಮೆ ಮತ್ತೊಂದನ್ನೊಮ್ಮೆ ನೋಡಿದ.

ಭವ್ಯ ರಟ್ಟು ಎತ್ತಿದಳು. ಪಟ್ಟಿಯ ಅಂಚಿನಲ್ಲಿ ಅಚ್ಚಾಗಿದ್ದ ಅಂಕಿಗಳು ಕನ್ನಡಿಯೊಳಗಿನಂತೆ ತಿರುಗಿದ್ದವು. "ಅಯ್ಯೊ ಅಜ್ಜಿ, ಮಗುಚಿ ಇಟ್ಬುಟ್ಟಿದ್ದೆ. ಡಬ್ಬೀಲಿ ಉಲ್ಟಾ ಸುತ್ಕೊಂಡಿತ್ತಲ್ಲ, ಅದ್ಕೆ ಗೊತ್ತಾಗ್ಲಿಲ್ಲ." ಪಟ್ಟಿಯನ್ನು ತಿರುಗಿಸಿ ಮತ್ತೆ ಕ್ಲಿಕ್ ಮಾಡಿದಳು. ಅಂಕಿ ನೆಟ್ಟಗಾಯಿತು. ಹಾಲು ಬಲಗೈಗೆ ಬಂತು. ಗುಡ್ಡೆ ಮರದ ಬಲಕ್ಕೆ ಬಂತು.

"ಆಯ್ತು ಬುಡು ದೊಡ್ಡವ್ವ," ಅಂದ ಶಾಂತರಾಜು. "ಆ ಉಲಿನೇ ಸಾಕ್ಷಿ ಏಳ್ತಲ್ಲ," ಎಂದು ನಗಲು ನೋಡಿದ.

ಆ ನಗುವೇ ನನಗೆ ಆಗಲಿಲ್ಲ.

"ಉಲಿ ಇಲ್ಲ ಯಾನೂ ಇಲ್ಲ ಕಣ್ಲಾ. ಮೇವು ಕತ್ತರ್ಸೊ ಮಿಷನ್ನು. ಉಲ್ಲು ಕೊಡ್ತಾ ಇದ್ದೋಳು ನಾನು. ಚಕ್ರ ತಿರುಗ್ಸ್ತಿದ್ದೋನು ನಿಮ್ಮಪ್ಪ, ಕುಡ್ಕಂಡು. ಊರು ಅವನ್ನ ಉಗೀದೆ ಇರ್ಲಿ ಅಂತ ಉಲಿ ತಂದೆ. ನಲವತ್ತು ವರ್ಸ ಆ ಉಲಿಯ ಸಾಕಿವ್ನಿ. ಇವತ್ತು ಅದೇ ಉಲಿಯ ಇಟ್ಕಂಡು ನನ್ನ ಸುಳ್ಳಿ ಅಂದೆ."

ಭವ್ಯ ನನ್ನ ಕೈ ಹಿಡಿಯಲು ಬಂದಳು, ಕೊಡಲಿಲ್ಲ.

"ಫೋನ್ ಮಾಡು," ಅಂದೆ.

ಮಾಡಿದ. "ಎಡುಕ್ಕ" ಎಂದು ಮೂರು ಸಲ ಹೇಳಿಸಿದೆ. ಊಟಕ್ಕೆ ತಟ್ಟೆ ಹಾಕಿದರು. ನೆಗೆಟಿವನ್ನು ಡಬ್ಬಿಗೆ ತುಂಬಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ.

ಬೆಳಗ್ಗೆ ಆರಕ್ಕೇ ಬೇವಿನ ಮರದ ಬಲಕ್ಕೆ ಕುರ್ಚಿ ಹಾಕಿಕೊಂಡು ಕೂತೆ. ಏಳಕ್ಕೆ ಜೆಸಿಬಿ ಬಂತು, ಹಿಂದೆಯೇ ಶಾಂತರಾಜು ಬಂದ. ಜೆಸಿಬಿ ಎಡಕ್ಕೆ ಹೋಯಿತು. ನಾನು ಏಳಲಿಲ್ಲ.