ನಾದಿನಿಯ ಕಥೆಯ ಕೊನೆಯ ಪುಟ

ಡ್ಯಾನ್ಯೂಬ್ ನದಿಯ ದಡದ ಲೋಮ್ ಪಟ್ಟಣದ ಓದುಮನೆಯಲ್ಲಿ, ಎಂದರೆ ಊರಿನ ಸಾಂಸ್ಕೃತಿಕ ಭವನದಲ್ಲಿ, ಗುರುವಾರ ಸಂಜೆ ಕೆಳಗಿನ ಹಜಾರ ಕುಣಿತದವರಿಗೆ, ಮೇಲಿನ ಕೋಣೆ ಬರೆಯುವವರಿಗೆ. ಕೆಳಗೆ ಹೆಜ್ಜೆ ಬಿದ್ದಾಗಲೆಲ್ಲ ಮೇಲೆ ಟೀ ಲೋಟಗಳು ನಡುಗುತ್ತಿದ್ದವು. ಬರೆಯುವವರ ಕೂಟದಲ್ಲಿ ದೊಬ್ರಿಂಕಾ ಹೇಳಿದ್ದೇ ಮಾತು. ಹಗಲೆಲ್ಲ ಆಕೆ ಹಲ್ಲಿನ ಡಾಕ್ಟರ ಬಳಿ ಹಲ್ಲಿನ ಸೆಟ್ಟು ಮಾಡುವ ಕೆಲಸದಲ್ಲಿರುತ್ತಿದ್ದಳು. ಸಂಜೆಯಾದರೆ ಕಥೆ. ಯಾವ ಪತ್ರಿಕೆ ಎಂಥ ಕಥೆ ತೆಗೆದುಕೊಳ್ಳುತ್ತದೆ, ಯಾವ ಸಂಪಾದಕರಿಗೆ ಹಳ್ಳಿಮಾತು ಸೇರುವುದಿಲ್ಲ, ಯಾವ ಸ್ಪರ್ಧೆಗೆ ಹೆಸರು ಮುಚ್ಚಿ ಕಳಿಸಬೇಕು, ಬೇಸಿಗೆಯಲ್ಲಿ ಯಾರು ಬಾಗಿಲು ಹಾಕಿಕೊಂಡಿರುತ್ತಾರೆ, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿತ್ತು.

"ಕಳಿಸೋ ಮುಂಚೆ ಆ ಪತ್ರಿಕೆಯ ಹಳೇ ಸಂಚಿಕೆ ಒಂದಾದ್ರೂ ಓದ್ರಪ್ಪ. ಮೀನಂಗಡಿ ಮುಂದೆ ಕೂತು ಚಪ್ಪಲಿ ಮಾರಿದ್ರೆ ಯಾರು ತಗೋತಾರೆ?" ಎನ್ನುತ್ತಿದ್ದಳು.

ಅವಳದೇ ಕಥೆಗಳು ಊರಿನ ಪತ್ರಿಕೆಯಲ್ಲಿ ಒಂದೆರಡು, ಪುರಸಭೆಯವರು ತಂದ ಸಂಕಲನದಲ್ಲಿ ಒಂದು ಬಂದಿದ್ದವು. ರಾಜಧಾನಿ ಸೋಫಿಯಾದ ದೊಡ್ಡ ಮಾಸಪತ್ರಿಕೆಗೆ ವರ್ಷ ತಪ್ಪದೆ ಕಳಿಸುತ್ತಿದ್ದಳು. ಅಲ್ಲಿಂದ ಬೇಡವೆಂಬ ಮಾತೂ ಬರುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಅವಳ ನಾದಿನಿ ಸೆವ್ದಾ ಗಂಡನನ್ನು ಬಿಟ್ಟು ಪ್ಲೊವ್ದಿವ್‌ನಿಂದ ತಾಯಿಯ ಮನೆಗೆ ವಾಪಸಾದಳು. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಹೆಂಗಸರ ಕೂದಲು ಕತ್ತರಿಸುವ ಕೆಲಸ ಹಿಡಿದಳು.

"ಅಮ್ಮನ ಜೊತೆ ಟಿವಿ ನೋಡ್ತಾ ನೋಡ್ತಾ ಹುಡುಗಿ ಮಂಕಾಗ್ತಿದಾಳೆ. ನಿನ್ನ ಕೂಟಕ್ಕೆ ಕರ್ಕೊಂಡು ಹೋಗು," ಎಂದ ದೊಬ್ರಿಂಕಾಳ ಗಂಡ ಮ್ಲಾಡೆನ್.

"ಅವಳಿಗೇನು ಬರೆಯೋಕೆ ಬರುತ್ತೆ?"

"ಮಾತಾಡೋಕೆ ಬರುತ್ತಲ್ಲ. ಅದನ್ನೇ ಬರೀಲಿ."

ದೊಬ್ರಿಂಕಾ ಕರೆದುಕೊಂಡು ಹೋದಳು. ಸೆವ್ದಾ ಕೆಲವು ವಾರ ಸುಮ್ಮನೆ ಕೂತು ಕೇಳಿದಳು. ಆಮೇಲೊಂದು ಗುರುವಾರ ಮಡಚಿದ ಹಾಳೆ ಬಿಚ್ಚಿ, ಬಿಟ್ಟುಹೋದ ಗಂಡನ ಎರಡನೇ ಮದುವೆಯ ದಿನವೇ ಕೂದಲಿಗೆ ಬಣ್ಣ ಹಾಕಿಸಿಕೊಳ್ಳಲು ಬಂದ ಒಬ್ಬಳ ಕಥೆ ಓದಿದಳು. ಓದುವಾಗ ತಲೆಯೆತ್ತಲಿಲ್ಲ. ಮುಗಿದಾಗ ಕೂಟ ನಡೆಸುವ ಲಾಜರೋವ್ ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ತನ್ನ ಕಥೆಗೆ ಅವರು ಎಂದೂ ಕನ್ನಡಕ ತೆಗೆದಿರಲಿಲ್ಲ ಎಂದು ದೊಬ್ರಿಂಕಾ ನೆನೆದಳು. ಚಪ್ಪಾಳೆಯನ್ನೇನೋ ಎಲ್ಲರಿಗಿಂತ ಜೋರಾಗಿ ತಟ್ಟಿದಳು.

ಮೊದಮೊದಲು ಅವಳೇ ತಿದ್ದಿಕೊಟ್ಟಳು. ಕಥೆ ಎರಡನೇ ಪ್ಯಾರಾದಿಂದ ಶುರುವಾಗಲಿ ಎಂದಳು. ಕಣ್ಣೀರಿನ ಮಾತನ್ನು ಎರಡು ಕಡೆ ಹೊಡೆದುಹಾಕಿದಳು. ವ್ರಾತ್ಸಾದ ದಿನಪತ್ರಿಕೆಯ ಶನಿವಾರದ ಪುಟಕ್ಕೆ ಕಳಿಸು ಎಂದು ವಿಳಾಸವನ್ನೂ ಕೊಟ್ಟಳು. ತಾನು ಬೆಳೆಸಿದ ಗಿಡ ಎಂಬ ಹೆಮ್ಮೆ ಅಸೂಯೆಯನ್ನು ಸ್ವಲ್ಪ ಕಾಲ ಮುಚ್ಚಿಟ್ಟಿತ್ತು. ಕಥೆ ಅಚ್ಚಾಯಿತು. ಅತ್ತೆ ಆ ಪುಟವನ್ನು ಕತ್ತರಿಸಿ ಊಟದ ಮೇಜಿನ ಗಾಜಿನಡಿ ಇಟ್ಟರು. ಭಾನುವಾರ ಎಲ್ಲರಿಗೂ ಚೀಸ್ ತುಂಬಿದ ಬಾನಿತ್ಸಾ ಬೇಯಿಸಿ ಬಡಿಸುತ್ತ, ಸೊಸೆಯ ಕಡೆ ತಿರುಗಿ ಕೇಳಿದರು:

"ನೀನೂ ಇಷ್ಟು ವರ್ಷದಿಂದ ಬರೀತಿದ್ದೀಯಲ್ಲಮ್ಮ, ನಿಂದೂ ಒಂದು ಕಳಿಸೋದಲ್ವಾ?"

ಮುದುಕಿಯ ಮಾತಿನಲ್ಲಿ ಕೊಂಕಿರಲಿಲ್ಲ. ಅದಕ್ಕೇ ಅದು ಹೆಚ್ಚು ಚುಚ್ಚಿತು. ತಟ್ಟೆಯ ಕೆಳಗೆ, ಗಾಜಿನಡಿಯಲ್ಲಿ, ಸೆವ್ದಾಳ ಹೆಸರು ದಪ್ಪಕ್ಷರದಲ್ಲಿತ್ತು. ದೊಬ್ರಿಂಕಾ ತಟ್ಟೆ ಸರಿಸಲಿಲ್ಲ.

ವಸಂತದಲ್ಲಿ ಸೆವ್ದಾ ಇನ್ನೊಂದು ಕಥೆ ತಂದಳು.

"ಅತ್ತಿಗೆ, ಇದು ಅಪ್ಪನ ಕಥೆ. ಸೋಫಿಯಾಗೆ ಕಳಿಸೋಣ ಅಂತಿದೀನಿ. ಮೊದಲು ನೀನು ನೋಡು."

ಅವಳ ಅಪ್ಪ, ಎಂದರೆ ದೊಬ್ರಿಂಕಾಳ ಮಾವ, ಡ್ಯಾನ್ಯೂಬಿನಲ್ಲಿ ಸರಕು ದೋಣಿಗಳಿಗೆ ದಾರಿ ತೋರಿಸುವ ಕೆಲಸದಲ್ಲಿದ್ದವರು. ಕೊನೆಗಾಲದಲ್ಲಿ ಮಕ್ಕಳ ಹೆಸರು ಮರೆತರೂ ದೋಣಿಗಳ ಹೆಸರು ಮರೆತಿರಲಿಲ್ಲ. ಅವರಿಗೆ ಸೂಪ್ ಕುಡಿಸಿದವಳು, ಹಾಸಿಗೆ ಬದಲಿಸಿದವಳು ದೊಬ್ರಿಂಕಾ. ಸೆವ್ದಾ ಆಗ ಪ್ಲೊವ್ದಿವ್‌ನಲ್ಲಿದ್ದಳು. ಒಂದು ಬೆಳಿಗ್ಗೆ ಮುದುಕ ಸೊಸೆಯನ್ನು ನೋಡಿ ಒಂದು ದೋಣಿಯ ಹೆಸರು ಹಿಡಿದು ಕರೆದಿದ್ದರು. "ಅಲ್ಲ ಮಾವ, ನಾನು ದೊಬ್ರಿಂಕಾ," ಎಂದು ಅವಳು ತಿದ್ದಿದ್ದಳು. ಅದನ್ನು ಸಂಜೆ ಫೋನಿನಲ್ಲಿ ನಾದಿನಿಗೆ ಹೇಳಿ ನಕ್ಕಿದ್ದಳು. ಎಂದಾದರೂ ಬರೆಯಬೇಕು ಎಂದುಕೊಂಡಿದ್ದಳು.

ಸೆವ್ದಾಳ ಕಥೆಯಲ್ಲಿ ಅದೇ ಬೆಳಿಗ್ಗೆ ಇತ್ತು. ಆದರೆ ಅಲ್ಲಿ ಅಪ್ಪ ಮಗಳನ್ನು ದೋಣಿಯ ಹೆಸರಿನಿಂದ ಕರೆದಾಗ ಮಗಳು ತಿದ್ದುವುದಿಲ್ಲ. "ಎಲ್ಲಿಂದ ಬರ್ತಿದೀಯ?" ಎಂದು ಅಪ್ಪ ಕೇಳುತ್ತಾರೆ. "ವಿದಿನ್‌ನಿಂದ, ಗೋಧಿ ತುಂಬ್ಕೊಂಡು," ಎನ್ನುತ್ತಾಳೆ. ಮುದುಕ ಕೈಯೆತ್ತಿ, ದಾರಿ ತೆರವಾಗಿದೆ, ಸಾಗು ಎಂದು ಸನ್ನೆ ಮಾಡುತ್ತಾರೆ.

ದೊಬ್ರಿಂಕಾ ಆ ಸಾಲುಗಳನ್ನು ಮತ್ತೆ ಓದಿದಳು. ಬೆಳಿಗ್ಗೆ ತನ್ನದು, ಮುದುಕನ ಸೇವೆ ತನ್ನದು, ಸುದ್ದಿ ಹೇಳಿದವಳೂ ತಾನೇ. ಆ ಉತ್ತರ ಮಾತ್ರ ತನಗೆ ಹೊಳೆಯಲಿಲ್ಲ. ಮಂಚದ ಪಕ್ಕದಲ್ಲೇ ನಿಂತಿದ್ದಾಗಲೂ ಹೊಳೆಯಲಿಲ್ಲ, ಇಷ್ಟು ವರ್ಷ ನೆನೆದುಕೊಂಡಾಗಲೂ ಹೊಳೆಯಲಿಲ್ಲ.

ಆ ಸಾಲುಗಳನ್ನು ತೆಗೆ ಎನ್ನಲು ಬಾಯಿ ಬರಲಿಲ್ಲ. ಹೇಳಿದರೆ ಬಣ್ಣ ಬಯಲಾಗುತ್ತಿತ್ತು. ಅದರ ಮುಂದೆ ಇನ್ನೊಂದು ಪುಟವಿತ್ತು: ಅಪ್ಪನ ಸಾವು, ಶವದ ಹಿಂದೆ ಊರು, ಬಂದರಿನ ದೋಣಿಗಳೆಲ್ಲ ಒಟ್ಟಿಗೆ ಸೀಟಿ ಕೂಗಿಸಿದ್ದು. ಸೆವ್ದಾ ಅದನ್ನು ಅಳುತ್ತ ಬರೆದಿದ್ದಳು. ಓದುವವರೂ ಅಲ್ಲೇ ಅಳುತ್ತಾರೆ ಎಂದು ದೊಬ್ರಿಂಕಾ ಲೆಕ್ಕ ಹಾಕಿದಳು. ಅದನ್ನು ಕಿತ್ತರೆ ಕಥೆ ಕಾಲು ಮುರಿದುಕೊಂಡು ಕೂರುತ್ತದೆ.

"ಕೊನೇ ಪುಟ ತೆಗೆದುಬಿಡು," ಎಂದಳು.

ಸೆವ್ದಾಳ ಮುಖ ಸಣ್ಣದಾಯಿತು. "ಪೂರ್ತಿನಾ?"

"ಪೂರ್ತಿ. ಅಪ್ಪ ಕೈಯೆತ್ತಿದ್ರಲ್ಲ, ಅಲ್ಲಿಗೇ ನಿಲ್ಲಿಸು."

"ಅದನ್ನ ಬರೆಯೋಕೆ ನಂಗೆ ತುಂಬಾ ಕಷ್ಟ ಆಗಿತ್ತು ಅತ್ತಿಗೆ."

"ನಿಂಗೆ ಕಷ್ಟ ಆಯ್ತು ಅಂತ ಓದೋರು ಯಾಕೆ ಹೊರಬೇಕು?"

ಸೆವ್ದಾ ಹಾಳೆಗಳನ್ನು ಎತ್ತಿಕೊಂಡು ಹೋದಳು. ಆ ವಾರವೇ, ಅತ್ತಿಗೆ ಹೇಳಿದಂತೆ ಕತ್ತರಿಸಿ, ಸೋಫಿಯಾಗೆ ಕಳಿಸಿದಳು.

ಬೇಸಿಗೆಯ ಕೊನೆಯಲ್ಲಿ ಮಾಸಪತ್ರಿಕೆಯ ಸಂಪಾದಕಿ ತಾವಾಗಿ ಫೋನ್ ಮಾಡಿದರು. ಕಥೆ ಅಕ್ಟೋಬರ್ ಸಂಚಿಕೆಗೆ ಹೋಗುತ್ತದೆ, ಒಂದಕ್ಷರವೂ ಬದಲಿಸುವುದಿಲ್ಲ ಎಂದರು. ಗುರುವಾರ ಸೆವ್ದಾ ಕೂಟದಲ್ಲಿ ಎದ್ದು ನಿಂತಳು.

"ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಮುಗಿಸಿರೋ ರೀತಿ ಅಂತೆ. ಸಾವನ್ನ ಹೇಳದೇ ಹೇಳಿದೀಯ ಅಂದ್ರು. ಅದು ನನ್ನ ಬುದ್ಧಿ ಅಲ್ಲ. ಅತ್ತಿಗೆ ಕತ್ತರಿ ಹಾಕಿದ್ದು."

ಲಾಜರೋವ್ ಮೇಷ್ಟ್ರು ಎಲ್ಲರಿಗೂ ಹಣ್ಣಿನ ಸಾರಾಯಿ ರಾಕಿಯಾ ಹಾಕಿಸಿ ಮೊದಲ ಲೋಟ ದೊಬ್ರಿಂಕಾಳ ಕೈಗೆ ಕೊಟ್ಟರು. "ಬರೆಯೋರು ಸಿಗ್ತಾರೆ. ಇಂಥ ಓದೋರು ಸಿಗಲ್ಲ," ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಬದುಕಿನಲ್ಲಿ ಅವಳಿಗೆ ಸಿಕ್ಕ ಅತಿ ದೊಡ್ಡ ಮೆಚ್ಚುಗೆ ಅದು. ಕೆಡಿಸಲು ಹೋಗಿ ಗಳಿಸಿದ್ದು. ಲೋಟ ತುಟಿಗೆ ಮುಟ್ಟಿಸದೆ, ತಲೆನೋವೆಂದು ಹೇಳಿ ಎದ್ದುಬಂದಳು.

ಸೆಪ್ಟೆಂಬರಿನಲ್ಲಿ ಅತ್ತೆಯ ಮನೆಯ ಅಂಗಳದಲ್ಲಿ ಚಳಿಗಾಲಕ್ಕೆ ಬಾಟಲಿಯಲ್ಲಿ ತುಂಬಿಡಲೆಂದು ಕೆಂಪು ದೊಣ್ಣೆಮೆಣಸಿನಕಾಯಿ ಸುಡುತ್ತಿದ್ದರು. ಅತ್ತೆ ಒಳಗೆ ಬಾಟಲಿ ತೊಳೆಯುತ್ತಿದ್ದರು. ಒಲೆಯ ಮುಂದೆ ಅತ್ತಿಗೆ, ನಾದಿನಿ ಇಬ್ಬರೇ. ಸೆವ್ದಾ ಸಿಪ್ಪೆ ಸುಲಿಯುತ್ತ, ತನ್ನ ಮುಂದಿನ ಕಥೆಯನ್ನೂ ಅತ್ತಿಗೆಯೇ ನೋಡಬೇಕು, ಅತ್ತಿಗೆಯ ಹಾಗೆ ಕೈ ಹಿಡಿದು ನಡೆಸುವವರು ತನಗೆ ಬೇರೆ ಯಾರೂ ಇಲ್ಲ ಎಂದು ಹೇಳುತ್ತಲೇ ಇದ್ದಳು. ದೊಬ್ರಿಂಕಾಳಿಗೆ ಇನ್ನು ತಡೆಯಲಾಗಲಿಲ್ಲ.

"ಸುಮ್ನಿರು ಸೆವ್ದಾ. ಆ ಪುಟ ತೆಗಿ ಅಂತ ನಾನು ಒಳ್ಳೇ ಮನಸ್ಸಿಂದ ಹೇಳ್ಲಿಲ್ಲ."

"ಅಂದ್ರೆ?"

"ಅದು ಹೋದ್ರೆ ನಿನ್ನ ಕಥೆ ಹಾಳಾಗುತ್ತೆ ಅಂದ್ಕೊಂಡಿದ್ದೆ."

ಸೆವ್ದಾ ಕೈಯಲ್ಲಿದ್ದ ಕಾಯಿಯನ್ನು ಪೂರ್ತಿ ಸುಲಿದು ಪಾತ್ರೆಗೆ ಹಾಕಿದಳು. "ಕೆಡಿಸೋಕೇ ಹೇಳಿದ್ಯಾ?"

"ಹೂಂ."

"ಯಾಕೆ?"

"ಗೋಧಿ ತುಂಬ್ಕೊಂಡು ಬಂದೆ ಅಂತ ಬರೆದ್ಯಲ್ಲ, ಅದಕ್ಕೆ. ನಾನು ಅಲ್ಲೇ ನಿಂತಿದ್ದೆ. ನಂಗೆ ಹೊಳೀಲಿಲ್ಲ."

ಸೆವ್ದಾ ಕೈ ತೊಳೆದುಕೊಂಡು ಒಳಗೆ ಹೋದಳು. ಉಳಿದ ಮೆಣಸಿನಕಾಯಿಯನ್ನು ದೊಬ್ರಿಂಕಾ ಒಬ್ಬಳೇ ಸುಟ್ಟಳು. ಸೆವ್ದಾ ಕೂಟಕ್ಕೆ ಬರುವುದನ್ನು ನಿಲ್ಲಿಸಿದಳು. ಬೀದಿಯಲ್ಲಿ ಎದುರಾದರೆ ಅಣ್ಣನ ಆರೋಗ್ಯ ವಿಚಾರಿಸಿ ಮುಂದೆ ಹೋಗುತ್ತಿದ್ದಳು. ಏನಾಯಿತೆಂದು ಮ್ಲಾಡೆನ್ ಕೇಳಿದ, ಇಬ್ಬರೂ ಹೇಳಲಿಲ್ಲ. ಅಕ್ಟೋಬರ್ ಸಂಚಿಕೆ ಬಂದಾಗ ದೊಬ್ರಿಂಕಾ ದುಡ್ಡು ಕೊಟ್ಟು ಕೊಂಡು, ಔಷಧಿ ಕುಡಿದವಳಂತೆ ಒಂದೇ ಉಸಿರಿಗೆ ಓದಿದಳು. ಕಥೆ ಅಲ್ಲಿಗೇ ಮುಗಿದದ್ದು ಸರಿಯಾಗಿತ್ತು. ಅದೂ ಅವಳಿಗೆ ಸಂಕಟವೇ ಆಯಿತು.

ಮೊದಲ ಹಿಮ ಬಿದ್ದ ವಾರ ಸೆವ್ದಾ ಅತ್ತಿಗೆ ಕೆಲಸ ಮಾಡುವ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೇ ಬಂದಳು. ಕೋಟಿನೊಳಗಿಂದ ಹಾಳೆಗಳನ್ನು ತೆಗೆದು ಅತ್ತಿಗೆಯ ಮುಂದೆ ಹಿಡಿದಳು.

"ತಗೋ. ಇದನ್ನೂ ಕೆಡಿಸು."

ದೊಬ್ರಿಂಕಾ ಕೈ ಚಾಚಲಿಲ್ಲ. "ನಿಂಗೆ ಸಿಟ್ಟಿಲ್ವಾ?"

"ಇದೆ. ಬೇರೆಯವರಿಗೆ ತೋರಿಸ್ದೆ. ಎಲ್ರೂ ಚೆನ್ನಾಗಿದೆ ಅಂತಾರೆ. ಅದ್ರಿಂದ ಏನುಪಯೋಗ? ನಿನ್ನಷ್ಟು ಹೊಟ್ಟೆ ಉರ್ಕೊಂಡು ಓದೋರು ಬೇಕು."

ದೊಬ್ರಿಂಕಾ ಓದಿಕೊಟ್ಟಳು. ತಪ್ಪು ಸಿಕ್ಕ ಕಡೆಯೆಲ್ಲ ನಿರ್ದಾಕ್ಷಿಣ್ಯವಾಗಿ ಗೆರೆ ಎಳೆದಳು. ಆಮೇಲೆ ತನ್ನ ಕಥೆಯೊಂದನ್ನು, ಸೋಫಿಯಾದವರು ಉತ್ತರಿಸದೆ ಬಿಟ್ಟಿದ್ದನ್ನು, ಹೊರತೆಗೆದಳು. ಮೇಲಿದ್ದ ತನ್ನ ಹೆಸರನ್ನು ಹೊಡೆದು ಸೆವ್ದಾ ಎಂದು ಬರೆದಳು. ಅದು ನಾದಿನಿಯದೇ ಎಂಬಂತೆ ಓದತೊಡಗಿದಳು. ಮೊದಲ ಪುಟ ಮುಗಿಯುವ ಮೊದಲೇ ತುಟಿ ಕೊಂಕಿತು. ಎಷ್ಟೊಂದು ಮೆರೆದಾಟ, ಎಷ್ಟೊಂದು ಉಪದೇಶ. ಪೆನ್ನು ಸಲೀಸಾಗಿ ಓಡಿತು. ಇಷ್ಟು ವರ್ಷ ಮುದ್ದಿನಿಂದ ಕಾಪಾಡಿಕೊಂಡು ಬಂದ ಸಾಲುಗಳು ಒಂದೊಂದಾಗಿ ಬಿದ್ದವು. ಕೊನೆಗೆ ಉಳಿದದ್ದು ಅರ್ಧಕ್ಕಿಂತ ಕಡಿಮೆ. ಆದರೆ ಅದರಲ್ಲಿ ಮನುಷ್ಯರು ಮಾತಾಡುತ್ತಿದ್ದರು.

ತನ್ನ ಹೆಸರಿನಲ್ಲೇ ಮತ್ತೆ ಕಳಿಸಿದ ಆ ಕಥೆಯನ್ನು ಸೋಫಿಯಾದವರು ಈ ಸಲವೂ ತೆಗೆದುಕೊಳ್ಳಲಿಲ್ಲ. ಆದರೆ ಉತ್ತರ ಬರೆದರು: ಇದು ನಮಗಲ್ಲ, ಇನ್ನೊಂದು ಕಳಿಸಿ. ಅದನ್ನೇ ವಾರ್ನಾದ ಸಣ್ಣ ಪತ್ರಿಕೆಯೊಂದು ಅಚ್ಚು ಹಾಕಿತು. ಅತ್ತೆ ಆ ಪುಟವನ್ನೂ ಕೇಳಿ ಇಸಿದುಕೊಂಡರು.

ಮರುವರ್ಷದ ಜೂನಿನಲ್ಲಿ ಸೆವ್ದಾ ಸೋಫಿಯಾದಿಂದ ಫೋನ್ ಮಾಡಿದಳು. ಅಲ್ಲಿನ ಪ್ರಕಾಶಕರೊಬ್ಬರು ಅವಳ ಕಥೆಗಳನ್ನು ಪುಸ್ತಕ ಮಾಡುತ್ತಾರಂತೆ.

"ಎಲ್ಲಾನೂ ಇನ್ನೊಂದು ಸಲ ಓದ್ತೀಯಾ ಅತ್ತಿಗೆ?"

"ಕಳಿಸು. ಪುಸ್ತಕ ಅಂತ ಕರುಣೆ ಗಿರುಣೆ ತೋರಿಸ್ತೀನಿ ಅಂದ್ಕೋಬೇಡ."

"ಅದಕ್ಕೇ ತಾನೇ ಕೇಳ್ತಿರೋದು," ಎಂದು ಸೆವ್ದಾ ನಕ್ಕಳು.

ದೊಬ್ರಿಂಕಾ ಫೋನ್ ಇಟ್ಟು ಅಡುಗೆಮನೆಗೆ ಹೋಗಿ ಸೌತೆಕಾಯಿ ಹೆಚ್ಚತೊಡಗಿದಳು.

"ಏನಂತೆ?" ಎಂದ ಮ್ಲಾಡೆನ್.

"ಸೆವ್ದಾದು ಪುಸ್ತಕ ಬರುತ್ತಂತೆ."

"ಒಳ್ಳೇದಾಯ್ತಲ್ಲ."

"ಒಳ್ಳೇದೇ," ಎಂದಳು. ಆಗಲೇ ಉಪ್ಪು ಹಾಕಿದ್ದ ಸೌತೆಕಾಯಿಗೆ ಮತ್ತೊಮ್ಮೆ ಉಪ್ಪು ಉದುರಿಸಿದಳು. ಮ್ಲಾಡೆನ್ ಒಂದು ಹೋಳು ಬಾಯಿಗಿಟ್ಟು, ಹೆಂಡತಿಯ ಮುಖ ನೋಡಿ, ಬ್ರೆಡ್ಡಿನ ಜೊತೆ ತಿಂದು ಮುಗಿಸಿದ.