ಕುಕ್ಕರಿಗೆ ಹತ್ತಿದ ಲ್ಯಾವೆಂಡರ್

ಹೆಮ್ಮರಗಾಲದ ಬೆಟ್ಟಸ್ವಾಮಿಯವರಿಗೆ ಸೊಸೆ ಶಿವರಂಜನಿಯ ಮೇಲೆ ಬೇರೆ ದೂರೇನೂ ಇರಲಿಲ್ಲ. ತಾರಸಿಯ ಮೇಲೆ ಅವಳು ಬೆಳೆಸಿದ್ದ ಲ್ಯಾವೆಂಡರ್ ಗಿಡಗಳನ್ನು ಕಂಡರೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ತಿ. ನರಸೀಪುರದ ತವರಿಗೆ ಹೋದಾಗ ಅವಳು ನರ್ಸರಿಯಿಂದ ತಂದಿದ್ದ ಗಿಡಗಳವು. ಮೊದಲ ಸಲ ತಂದವನ್ನು ಅತ್ತೆ ಗುರುಬಸಮ್ಮ ಭತ್ತದ ಪೈರೆಂಬಂತೆ ಎರಡು ಹೊತ್ತೂ ನೀರು ಹುಯ್ದು ಕೊಳೆಸಿದ್ದರು. ಎರಡನೆಯ ಸಲ ಶಿವರಂಜನಿ ಕುಂಡದ ಮಣ್ಣಿಗೆ ಮರಳು ಬೆರೆಸಿ, ತಾರಸಿಯ ಬಾಗಿಲಿಗೆ ಬೀಗ ಹಾಕಿದಳು. ಗಿಡಗಳು ಬದುಕಿ ಹೂವೂ ಬಿಟ್ಟವು.

"ದೇವ್ರಿಗೆ ಏರ್ಸಕಿಲ್ಲ, ತಲೆಗೆ ಮುಡಿಯಕಿಲ್ಲ, ಸಾರಿಗೂ ಆಗಕಿಲ್ಲ. ಇದೆಂತಾ ಊವವ್ವ?" ಎಂದು ಬೆಟ್ಟಸ್ವಾಮಿ ಕೇಳಿದರು.

"ಎಣ್ಣೆ ತೆಗಿತೀನಿ ಮಾವ. ದಿಂಬಿಗೆ ಒಂದು ತೊಟ್ಟು ಆಕಿದ್ರೆ ಒಳ್ಳೆ ನಿದ್ದೆ ಬತ್ತದೆ."

"ಗದ್ದೆಗೆ ಇಳಿದು ಗೇದ್ರೆ ಅದೂ ಬತ್ತದೆ!"

ಶಿವರಂಜನಿ ಹೂವನ್ನೆಲ್ಲ ಕೊಯ್ದು, ನೀರಿನ ಜೊತೆ ಮನೆಯ ದೊಡ್ಡ ಕುಕ್ಕರಿಗೆ ತುಂಬಿದಳು. ವಿಸಲ್ ಕಿತ್ತು ಆ ಜಾಗಕ್ಕೆ ಪೈಪು ಸಿಕ್ಕಿಸಿ, ಐಸ್ ಹಾಕಿದ ಬಕೆಟ್ಟಿನ ಮೂಲಕ ಹಾಯಿಸಿ, ತುದಿಗೆ ಬಾಟಲಿ ಇಟ್ಟಳು. ಬೆಳಗೆಲ್ಲ ಬೇಯಿಸಿದ ಮೇಲೆ ಬಾಟಲಿಯಲ್ಲಿ ಘಮಘಮಿಸುವ ನೀರು, ಅದರ ಮೇಲೆ ತೆಳ್ಳಗೆ ತೇಲುವ ಎಣ್ಣೆ. ಕೆಮ್ಮಿನ ಔಷಧಿಯ ಮುಚ್ಚಳದ ತಳವೂ ತುಂಬದು. ಅವಳಿಗೋ ಮನೆಯ ಹಸು ಅವಳಿಜವಳಿ ಕರು ಹಾಕಿದಷ್ಟು ಸಂತೋಷ.

ಮನೆಯವರ ಸಂತೋಷ ಮಧ್ಯಾಹ್ನದ ಊಟಕ್ಕೇ ಮುಗಿಯಿತು. ವಾಸನೆ ಕುಕ್ಕರಿನ ರಬ್ಬರಿಗೆ ಹತ್ತಿಬಿಟ್ಟಿತ್ತು. ಹುಣಸೆಹಣ್ಣು, ಬೂದಿ, ನಿಂಬೆ, ಯಾವುದಕ್ಕೂ ಜಗ್ಗಲಿಲ್ಲ. ಅನ್ನವೆಂಬುದು ಆಗ ತಾನೇ ತೊಳೆದ ಛತ್ರದ ಬಚ್ಚಲಿನ ಹಾಗೆ ನಾರುತ್ತಿತ್ತು.

"ಸೋಮವಾರ ಮಠದ ಬುದ್ಧಿಯವ್ರು ಪಾದಪೂಜೆಗೆ ಬತ್ತಾವ್ರೆ. ಗಿಡ ಕಿತ್ತಾಕು ಅಂತ ಅವ್ರ ಬಾಯಲ್ಲೇ ಏಳುಸ್ತೀನಿ" ಎಂದು ಬೆಟ್ಟಸ್ವಾಮಿ ಶಪಥ ಮಾಡಿದರು.

ಸೋಮವಾರ ಸ್ವಾಮೀಜಿ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದರು. ಪಾತ್ರೆಯಲ್ಲಿ ಅನ್ನಕ್ಕಿಡಲು ಹೊತ್ತಿಲ್ಲದೆ ಗುರುಬಸಮ್ಮ ಗಾಬರಿಯಲ್ಲಿ ಅದೇ ಕುಕ್ಕರಿಗೆ ಅಕ್ಕಿ ಸುರಿದರು.

ಪಾದಪೂಜೆ ಮುಗಿಸಿ ಪ್ರಸಾದಕ್ಕೆ ಕುಳಿತ ಸ್ವಾಮೀಜಿ ಮೊದಲ ತುತ್ತು ಬಾಯಿಗಿಟ್ಟರು. ದವಡೆ ನಿಂತಿತು. ಕಣ್ಣು ಮುಚ್ಚಿತು. ಕಣ್ಣು ತೆರೆದಾಗ ಎದುರಿಗೆ ಬೆಟ್ಟಸ್ವಾಮಿ ಕೈಮುಗಿದು ಅವರ ಬಾಯನ್ನೇ ನೋಡುತ್ತಿದ್ದರು.

ಸ್ವಾಮೀಜಿ ಕಷ್ಟಪಟ್ಟು ನುಂಗಿದರು. "ಅನ್ನಕ್ಕೆ ಏನು ಹಾಕಿದ್ದೀರಿ?"

"ತಾರಸಿ ಮೇಲಿನ ಲ್ಯಾವೆಂಡರ್ ಗಿಡದ್ದು ಬುದ್ಧಿ. ನಾವು ಆಕ್ಲಿಲ್ಲ, ಎಣ್ಣೆ ತೆಗ್ದ ಕುಕ್ಕರಿಂದ ಅದೇ ಬಂತು" ಎಂದಳು ಶಿವರಂಜನಿ.

"ದಿವ್ಯವಾದ ಪರಿಮಳ."

ಅಷ್ಟೇ ಸಾಕಾಯಿತು. ಸಾಲಿನಲ್ಲಿ ಕುಳಿತಿದ್ದ ಭಕ್ತರೆಲ್ಲ ಎಲೆಗೆ ಮೂಗಿಟ್ಟು ಆಹಾ ಎಂದರು. ಅಲ್ಲಿಯವರೆಗೆ ಟವೆಲಿನಿಂದ ಮೂಗು ಮುಚ್ಚಿಕೊಂಡಿದ್ದ ಕಂಟ್ರಾಕ್ಟರ್ ಮಹೇಂದ್ರ ಇನ್ನೊಂದು ಸಲ ಬಡಿಸಿಕೊಂಡು, ಕೈಲಾಸದಲ್ಲಿ ಇದೇ ವಾಸನೆ ಎಂದ. ಅವನು ಅಲ್ಲಿಗೆ ಯಾವಾಗ ಹೋಗಿದ್ದನೆಂದು ಯಾರೂ ಕೇಳಲಿಲ್ಲ. ಬೆಟ್ಟಸ್ವಾಮಿ ತಮ್ಮ ದೂರನ್ನು ಅನ್ನದ ಜೊತೆಗೇ ನುಂಗಿದರು.

ಹೊರಡುವಾಗ ಶಿವರಂಜನಿ ಪಾದಕ್ಕೆ ಬಾಗಿದಳು. ಸ್ವಾಮೀಜಿ ತಲೆ ಮುಟ್ಟುವ ನೆಪದಲ್ಲಿ ತಗ್ಗಿ ಪಿಸುಗುಟ್ಟಿದರು: "ಸೋಪು ನುಂಗ್ದಂಗಾಯ್ತು ಕಣವ್ವ. ನಿಮ್ಮ ಮಾವನ ಮುಖ ನೋಡಿ ಉಗಿಯಕ್ಕಾಗ್ಲಿಲ್ಲ. ಗಿಡ ಬೆಳಸ್ಕೊ, ಎಣ್ಣೆಗೆ ಬೇರೆ ಕುಕ್ಕರ್ ಮಡಿಕೊ."

ನಗು ತಡೆಯಲಾಗದೆ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಭಕ್ತಿಯಿಂದ ಅಳುತ್ತಿದ್ದಾಳೆಂದುಕೊಂಡ ಹೆಂಗಸರೂ ಕಣ್ಣೊರೆಸಿಕೊಂಡರು.

ಆ ವಾರವೇ ಬೆಟ್ಟಸ್ವಾಮಿ ನಂಜನಗೂಡಿನಿಂದ ಹೊಸ ಕುಕ್ಕರ್ ತಂದರು. ಹಳೆಯದು ತನ್ನ ಎಣ್ಣೆಗಾಯಿತೆಂದು ಶಿವರಂಜನಿ ತಾರಸಿಗೆ ಒಯ್ಯುತ್ತಿದ್ದಾಗ ಮಹೇಂದ್ರ ಬಂದ.

"ಬುದ್ಧಿಯವ್ರು ಬರೋ ವಾರ ನಮ್ಮನೆಗೆ ಬತ್ತಾವ್ರೆ ಕಣ್ರೀ. ಆ ಕುಕ್ಕರ್ ಒಂದಿನದ ಮಟ್ಟಿಗೆ ಕೊಡಿ."

ಸ್ವಾಮೀಜಿಯ ದವಡೆ ನೆನಪಾಗಿ ಶಿವರಂಜನಿ ಹಿಂದೆಮುಂದೆ ನೋಡಿದಳು. ಅಷ್ಟರಲ್ಲಿ ಬೆಟ್ಟಸ್ವಾಮಿ ಅವಳ ಕೈಯಿಂದ ಕುಕ್ಕರ್ ತೆಗೆದುಕೊಂಡು, ಹೆಗಲ ಟವೆಲಿನಲ್ಲಿ ಭಯಭಕ್ತಿಯಿಂದ ಒರೆಸಿ, ಮಹೇಂದ್ರನಿಗೆ ಕೊಟ್ಟೇಬಿಟ್ಟರು.

"ರಬ್ಬರ್ ಮಾತ್ರ ತೊಳಿಬೇಡ ಕಣ್ಲಾ" ಎಂದರು.