ಕಟ್ಟಳೆ ಹಾಡುತ್ತಿದ್ದ ತಿಮಾರೆಸ್

ತಿಮಾರೆಸ್‌ಗೆ ಮಾತು ತೊದಲು. ಹಾಡು ಮಾತ್ರ ನಿರರ್ಗಳ. ಸಂತೆಯಲ್ಲಿ ಒಂದು ಹಿಡಿ ಆಲಿವ್ ಕಾಯಿ ಕೇಳುವಷ್ಟರಲ್ಲಿ ಅವನ ಮುಖ ಕೆಂಪೇರಿ, ಕೊನೆಗೆ ಮಾರುವವಳೇ ಕನಿಕರದಿಂದ ಅಳೆದು ಕೊಡುತ್ತಿದ್ದಳು. ಅದೇ ಮನುಷ್ಯ, ನೂಲು ಬಿಟ್ಟ ತನ್ನ ಕಂದು ಉಣ್ಣೆಯ ಹೊದಿಕೆಯನ್ನು ಹೆಗಲಿಗೇರಿಸಿಕೊಂಡು ಊರ ಕಟ್ಟಳೆಗಳನ್ನು ಹಾಡಲು ನಿಂತನೆಂದರೆ, ಇಟಲಿಯ ಕಡಲಂಚಿನಲ್ಲಿ ನೆಲೆಸಿದ ನಮ್ಮ ಗ್ರೀಕರ ಪಟ್ಟಣವೇ ಉಸಿರು ಬಿಗಿಹಿಡಿದು ಕೇಳುತ್ತಿತ್ತು. ಹಿರಿಯರು ಕಟ್ಟಳೆಗಳನ್ನು ಪದ್ಯವಾಗಿ ಕಟ್ಟಿಟ್ಟಿದ್ದರು. ಅವನ್ನು ಔತಣಗಳಲ್ಲಿ ಹಾಡುವುದು, ಮಕ್ಕಳಿಗೆ ಬಾಯಿಪಾಠ ಮಾಡಿಸುವುದು ಅವನ ಕಸುಬು.

ಯಾರಾದರೂ ಒಂದು ಪದ ತಪ್ಪಿದರೆ ಅವನಿಗೆ ಮೈಯೆಲ್ಲ ಉರಿ. ಕುಡಿದು ತೂರಾಡುವ ಅತಿಥಿಯನ್ನೂ ಬಿಡದೆ ಮೊದಲಿನಿಂದ ಹಾಡಿಸುತ್ತಿದ್ದ.

"ಒ-ಒಂದಕ್ಷರ ಅಲ್ಲಾಡಿಸಿದ್ರೂ ನ್ಯಾಯ ಸ-ಸತ್ತೋಯ್ತು ಕಣಯ್ಯಾ!"

ದೋಣಿ ಕಟ್ಟುವ ತಮ್ಮ ಫೈದಿಮೊಸ್ ಕಿಚಾಯಿಸುತ್ತಿದ್ದ: "ಅಣ್ಣಾ, ಅತ್ತಿಗೆ ಸಾರಿಗೆ ಉಪ್ಪು ಜಾಸ್ತಿ ಹಾಕಿದ್ರೂ ಹಿಂಗೇ ಮೊದಲಿಂದ ಮಾಡಿಸ್ತೀಯೇನೋ?"

ಆ ಫೈದಿಮೊಸನೇ ಒಮ್ಮೆ ಜ್ವರದಲ್ಲಿ ನಡುಗುತ್ತ, ವೈದ್ಯ ಕೂಡದೆಂದರೂ, ನೀರು ಬೆರೆಸದ ದ್ರಾಕ್ಷಾರಸವನ್ನು ಗಟಗಟ ಕುಡಿದುಬಿಟ್ಟ. ಕುಡಿದು ಗುಣವೂ ಆದ. ಆದರೆ ಹಾಗೆ ಕುಡಿದವನು ಬದುಕಿ ಉಳಿದರೂ ಸಾಯತಕ್ಕದ್ದೆಂದು ನಮ್ಮ ಕಟ್ಟಳೆ. ರೋಗಿಗಳ ಹಿತಕ್ಕಾಗಿಯೇ ಮಾಡಿದ ಕಟ್ಟಳೆ, ನೋಡಿ!

ಕಟ್ಟಳೆ ಬದಲಾಗಬೇಕೆನ್ನುವವನು ನಮ್ಮಲ್ಲಿ ಕೊರಳಿಗೆ ಉರುಳು ಹಾಕಿಕೊಂಡೇ ಸಭೆಗೆ ಬರಬೇಕು. ಸಭೆ ಒಪ್ಪಿದರೆ ಬಿಚ್ಚುತ್ತಾರೆ, ಒಪ್ಪದಿದ್ದರೆ ಅಲ್ಲಿಯೇ ಬಿಗಿಯುತ್ತಾರೆ. ತಿಮಾರೆಸ್ ಹಗ್ಗ ಕೈಗೆತ್ತಿಕೊಂಡಾಗ ಹೆಂಡತಿ ಕ್ಸೆನಾರಿಸ್ತೆ ಬಾಗಿಲಿಗೆ ಅಡ್ಡ ನಿಂತಳು.

"ನಿಮ್ಮ ಬಾಯಿಂದ ಮಾತು ಹೊರಡೋಷ್ಟರಲ್ಲಿ ಅವ್ರು ಎಳ್ದೇಬಿಟ್ಟಿರ್ತಾರೆ. ಬೇಡಾಂದ್ರೆ ಬೇಡ!"

"ಮಾ-ಮಾತಾಡಲ್ಲ ಕಣೇ. ಹಾಡ್ತೀನಿ."

ಹಾಡಿದ. ಹಳೆಯ ಧಾಟಿಯಲ್ಲೇ, ಕೊನೆಯ ಸಾಲೊಂದನ್ನು ಮಾತ್ರ ಬದಲಿಸಿ ಹಾಡಿದ: ಬದುಕಿ ಉಳಿದವನನ್ನು ಬದುಕಗೊಡಿ. ಅಷ್ಟು ಸೊಗಸಾಗಿ ಅವನು ಎಂದೂ ಹಾಡಿರಲಿಲ್ಲ. ಆಮೇಲೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ಕುಂಬಾರ, ಕೇಡಿಗನಲ್ಲ ಪಾಪ, ಅವನ ಹಳೆಯ ಶಿಷ್ಯ, "ಗುರುಗಳೇ, ಕೊನೇ ಸಾಲು ಹಂಗಲ್ಲ" ಎಂದವನೇ ಹಳೆಯ ಸಾಲನ್ನು ತಾನೇ ಹಾಡಿ ತೋರಿಸಿದ. ಪಕ್ಕದವರು ದನಿಗೂಡಿಸಿದರು, ಅವರ ಪಕ್ಕದವರೂ. ನೋಡನೋಡುತ್ತ ಇಡೀ ಸಭೆಯೇ ಎದ್ದು ನಿಂತು ಒಂದೇ ಕಂಠದಲ್ಲಿ ಸಾವನ್ನು ಹಾಡಿತು. ಎಲ್ಲಿಯೂ ಒಂದು ಸ್ವರ ತಪ್ಪಲಿಲ್ಲ.

ತಿಮಾರೆಸ್ ಬಾಯಿ ತೆರೆದ. "ನ-ನನ್ನ ತ-ತ-" ಎಂಬಲ್ಲಿಗೆ ನಿಂತಿತು.

ಸೆರೆಸಿಕ್ಕಿ ಕಾವಲಿನವರ ನಡುವೆ ನಿಂತಿದ್ದ ಫೈದಿಮೊಸ್ ಕಿರುಚಿದ: "ನಿಲ್ಸ್ರೋ! ಕುಡ್ದಿದ್ದು ನಾನು ಕಣ್ರೋ, ಅಣ್ಣನ್ನ ಬಿಟ್ಬಿಡ್ರೋ!"

ಯಾರಿಗೂ ಕೇಳಿಸಲಿಲ್ಲ. ಹಾಡು ಮುಗಿದ ಮೇಲೆ, ಹಳೆಯ ಸಾಲೇ ಇರಲೆಂದು ಕೈಗಳು ಮೇಲೆದ್ದವು. ಸಂಜೆಯೊಳಗೆ ಅಣ್ಣತಮ್ಮಂದಿರಿಬ್ಬರನ್ನೂ ಹೂಳಿದೆವು. ಕುಂಬಾರ ಎಲ್ಲರಿಗಿಂತ ಹೆಚ್ಚು ಅತ್ತ.

ಜನಕ್ಕೆ ಒಳ್ಳೆಯದನ್ನು ಬಾಯಿಪಾಠ ಮಾಡಿಸಲು ಹೊರಟ ಇಂಥವರ ಹಣೆಬರಹವೇ ಹೀಗೆ. ಕಲಿಸಿದರೆ ಊರು ನೆಟ್ಟಗಾದೀತೆಂದು ನಂಬಿ ಜನ್ಮವೆಲ್ಲ ಗಂಟಲು ಸವೆಸುತ್ತಾರೆ. ಊರು ನೆಟ್ಟಗೂ ಆಗುತ್ತದೆ. ಕರುಣೆ ಬೇಡಬೇಕಾದ ದಿನ ಮಾತ್ರ, ಅದೊಂದನ್ನು ತಾವು ಯಾರಿಗೂ ಹೇಳಿಕೊಡಲೇ ಇಲ್ಲವೆಂಬುದು ಅವರಿಗೆ ತಿಳಿಯುತ್ತದೆ.